ಎಡಗಾಲು ಐದು ಕಿಲೋ

ಬಣ್ಣ ತಪ್ಪಿ ವಾಪಸ್ ಬಂದ ಪ್ಯಾಂಟು,
ಮೂವತ್ತೆರಡರ ಸೊಂಟ.
ತೊಡೆಯ ಹತ್ತಿರ ಎರಡೂ ಕಾಲು ಕತ್ತರಿಸಿದೆ.
ಪಾದದ ಬಾಯಿಗೆ ಜೋಡಿ ಹೊಲಿಗೆ, ಮೇಲೊಂದು ಅಡ್ಡ ಹೊಲಿಗೆ.
ಹಿಂದಿನ ಓಣಿಯಲ್ಲಿ ಮನೆ ಕಟ್ಟುವವರ ಗುಡ್ಡೆಯಿಂದ
ಎರಡು ಬೋಗುಣಿ ಮರಳು,
ಕೇಳಿಯೇ ತಂದದ್ದು.
ಖಾಜಾಹುಸೇನನ ಕಿರಾಣಿ ತಕ್ಕಡಿಯಲ್ಲಿ ತೂಗಿದೆವು.
ಎಡಗಾಲು ಐದು ಕಿಲೋ.
ಬಲಗಾಲು ಏಳೂಕಾಲು.
"ಇದರಾಗೇನು ತುಂಬೀಯಕ್ಕ, ಹೆಣಾನ?" ಅಂದ.
"ನನ್ನ ರಟ್ಟೆ" ಅಂದೆ.

ಹತ್ತೊಂಬತ್ತು ವರ್ಷ ಮಿಷಿನ್ನಿಗೆ ಬಾಗಿದ ಭುಜ
ಹೋದ ದೀಪಾವಳಿಗೆ ಮುಷ್ಕರ ಹೂಡಿತು.
ಮೇಲಿನ ಗೂಡಿನ ಸಕ್ಕರೆ ಡಬ್ಬಿಗೆ ಕೈ ಹೋಗದು,
ಜಡೆಗೆ ಮಗಳನ್ನು ಕೂಗಬೇಕು,
ಅವಳೋ, ಒಂದು ಕಡೆ ಎತ್ತರ ಒಂದು ಕಡೆ ತಗ್ಗು ಹೆಣೆಯುತ್ತಾಳೆ.
ಡಾಕ್ಟರು ಗುಳಿಗೆ ಬರೆದು, ಚೀಟಿಯ ಹಿಂದೆ
ಒಂದು ಗೊಂಬೆ ಗೀಚಿಕೊಟ್ಟರು:
ಗೆರೆಯಂಥ ಕೈ, ಕೈಯ ತುದಿಗೆ ಸೊನ್ನೆ.
"ಭಾರ ಎತ್ತಬೇಕಮ್ಮ."
ನಕ್ಕುಬಿಟ್ಟೆ.
ಎತ್ತದ ದಿನ ಯಾವುದು ಡಾಕ್ಟರೇ?

ಮೋತಿ ಸರ್ಕಲ್ಲಿನ ಆಚೆ ಜಿಮ್ಮಿದೆ, ಗಾಜಿನ ಬಾಗಿಲು,
ಹೆಂಗಸರಿಗೆ ಹನ್ನೊಂದರಿಂದ ಹನ್ನೆರಡೂವರೆ.
ಆ ಹೊತ್ತಿಗೆ ನಾನು ಜೇಬು ಹೊಲಿಯುತ್ತಿರುತ್ತೇನೆ,
ಗಂಟೆಗೆ ನಲವತ್ತು,
ಎಲ್ಲವೂ ಬೇರೆಯವರ ದುಡ್ಡಿಗೆ.

ಹಾಗಾಗಿ ಮಾಳಿಗೆ. ಬೆಳಗಿನ ಐದು.
ರಾತ್ರಿಯ ಕಾವು ಇನ್ನೂ ಬಿಡದ ಕಲ್ಲುಹಾಸು,
ಎದುರಿಗೆ ಕೋಟೆಗುಡ್ಡ,
ಯಾರೂ ಎತ್ತದೆ ಬಿಟ್ಟ ಒಂದೇ ಗುಂಡು.
ಸೆರಗು ಸಿಕ್ಕಿಸಿ, ಎಡಗಾಲು ಹಿಡಿದು,
ಒಂದು, ಎರಡು, ಮೂರು,
ನಾಲ್ಕಕ್ಕೆ ಭುಜದೊಳಗೆ ಒಂದು ಸೂಜಿ ಮುರಿಯಿತು.
ಐದು.

ಮಾವ ಮಂಚದ ಮೇಲಿಂದ ನೋಡುತ್ತಿದ್ದರು.
ತಿಪ್ಪೇರುದ್ರಪ್ಪ, ಹತ್ತಿ ಮಂಡಿಯಲ್ಲಿ ಮೂವತ್ತೈದು ವರ್ಷ ಹಮಾಲಿ.
ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ,
"ಎಷ್ಟು ಕೊಡ್ತಾರ?"
"ಯಾರು ಮಾವ?"
"ಎತ್ತಿದ್ದಕ್ಕ."
"ಯಾರೂ ಕೊಡಂಗಿಲ್ಲ."
"ಎಲ್ಲಿಗೆ ಒಯ್ಯೋದು?"
"ಎಲ್ಲಿಗೂ ಇಲ್ಲ. ಎತ್ತಿ ಮತ್ತೆ ಅಲ್ಲೇ ಇಡೋದು."

ಅವರು ಬೀಡಿ ಹಚ್ಚುವುದನ್ನು ಮರೆತರು.
ಅವರ ಆಯುಷ್ಯದ ಭಾರಕ್ಕೆಲ್ಲ ಒಂದು ಲಾರಿ ಇತ್ತು,
ಒಂದು ಗೋದಾಮು ಇತ್ತು,
ಚೀಲಕ್ಕಿಷ್ಟು ಎಂದು ಬರೆಯುವ ಗುಮಾಸ್ತನಿದ್ದ,
ಒಂದೆರಡು ಚೀಲ ಮರೆಯುವವನೂ ಅವನೇ.

ಆಮೇಲೆ ಎದ್ದು ಬಂದರು.
"ನಡ ಬಗ್ಗಿಸಬ್ಯಾಡ, ಮೊಣಕಾಲು ಬಗ್ಗಿಸು.
ಚೀಲ ಅಂದ್ರೆ ಕೂಸಿದ್ದಂಗ,
ದೂರ ಹಿಡಿದ್ರೆ ಅಳತೈತೆ, ಎದೆಗೆ ಹಚ್ಕಂಡು ಏಳು.
ಉಸಿರು ಕಟ್ಟಬ್ಯಾಡ. ಹೂಂ. ಹಂಗ."
ತೋರಿಸಲು ಬಾಗಿದಾಗ ಬನೀನು ಜಾರಿ
ಕತ್ತಿನ ಕೆಳಗಿನ ಗಂಟು ಕಂಡಿತು,
ಬೆಲ್ಲದ ಅಚ್ಚಿನಷ್ಟು, ಬೆಲ್ಲದಷ್ಟೇ ಗಟ್ಟಿ.
ಒಂದೇ ಮನೆಯಲ್ಲಿ ಇಪ್ಪತ್ತೊಂದು ವರ್ಷ,
ನಾನದನ್ನು ನೋಡಿರಲಿಲ್ಲ.

ಎಂಟು ವಾರ.
ಎಡಗಾಲು ಹಗುರಾಗುತ್ತ ಬಂತು.
ಹಿಗ್ಗಿದೆ, ಓಣಿಗೆಲ್ಲ ಹೇಳಿದೆ,
ಜಂಬಕ್ಕೆ ಮತ್ತೆ ತಕ್ಕಡಿಗಿಟ್ಟೆ:
ನಾಲ್ಕೂವರೆ.
ನನ್ನದೇ ಹೊಲಿಗೆಯ ಸಂದಿನಿಂದ
ದಿನಾ ಒಂದಿಷ್ಟು ಮರಳು ಸೋರಿ
ಮಾಳಿಗೆಯ ಮೂಲೆಯಲ್ಲಿ ಇರುವೆಗಳಿಗೆ ಗುಡ್ಡವಾಗಿತ್ತು.
ಮಾವ ಕೆಮ್ಮು ಬರುವ ತನಕ ನಕ್ಕರು.
"ತೂಕದ ಮೋಸ ಮಂಡ್ಯಾಗ ಬೇಕಾದಷ್ಟು ನೋಡೀನಿ,
ತನಗ ತಾನೇ ಮಾಡ್ಕಂಡಾಕಿನ್ನ ಇವತ್ತೇ ನೋಡಿದ್ದು."

ದಪ್ಪ ದಾರ ಹಾಕಿ ಮತ್ತೆ ಹೊಲಿದೆ.
ಅರ್ಧ ಕಿಲೋ ತುಂಬಿದೆ, ಮೇಲೊಂದು ಹಿಡಿ.
ಕೈ ಈಗ ಗೂಡಿನ ಅಂಚು ಮುಟ್ಟುತ್ತದೆ.
ಡಬ್ಬಿ ಇನ್ನೂ ನಾಲ್ಕು ಬೆರಳು ಆಚೆ.

ನಿನ್ನೆ ಬಟ್ಟೆ ಒಣಹಾಕಲು ಹತ್ತಿದವಳು
ಮೆಟ್ಟಿಲಲ್ಲೇ ನಿಂತೆ.
ಮಾವ ಒಬ್ಬರೇ.
ಬಲಗಾಲನ್ನು ಎದೆಗೆ ಹಚ್ಚಿಕೊಂಡು ಎದ್ದರು,
ಎದ್ದವರು ಒಂದು ಗಳಿಗೆ
ಅತ್ತ ನೋಡಿ, ಇತ್ತ ನೋಡಿ,
ಲಾರಿ ಎಲ್ಲಿ ನಿಂತಿದೆ ಎಂದು ಹುಡುಕಿದ ಹಾಗೆ,
ಮೆಲ್ಲಗೆ ಬಾಗಿ
ಅಲ್ಲೇ ಇಟ್ಟರು.